ಅಡಿಕೆ ಬೆಳೆಗಾರರ ಮಾತುಕತೆಗೆ ವಾಟ್ಸಾಪ್ ಎಷ್ಟು ಒದಗುತ್ತದೆ?

ಮಲೆನಾಡು ಮತ್ತು ಕರಾವಳಿಯಲ್ಲಿ ಅಡಿಕೆ ವ್ಯವಹಾರದ ಬಹಳಷ್ಟು ಮಾತು ಈಗ ವಾಟ್ಸಾಪ್ ಗುಂಪುಗಳಲ್ಲೇ ನಡೆಯುತ್ತದೆ. ಧಾರಣೆ, ಕೊಳೆರೋಗ, ಎಲೆಚುಕ್ಕಿ ರೋಗ, ಸಸಿ ಮಾರಾಟ ಎಲ್ಲವೂ ಅಲ್ಲಿ ಬಂದು ಬೀಳುತ್ತವೆ. ಮುಖ ನೋಡದ ಬೆಳೆಗಾರನೊಬ್ಬನ ಮಾತನ್ನು ನಂಬಿ ಮಾಲು ಇಟ್ಟುಕೊಳ್ಳಬೇಕೇ, ಮಾರಬೇಕೇ ಎಂದು ತೀರ್ಮಾನಿಸುವಷ್ಟು ವಿಶ್ವಾಸ ಅಲ್ಲಿ ಬೆಳೆಯಲು ಈ ಸೇವೆ ನೆರವಾಗುತ್ತದೆಯೇ ಎಂಬುದನ್ನು ಮಾತ್ರ ಇಲ್ಲಿ ಪರಿಶೀಲಿಸಿದ್ದೇನೆ.

ಮೊದಲು ಧಾರಣೆಯ ವಿಷಯ. ಕೃಷಿ ಮಾರುಕಟ್ಟೆಯ ದೈನಂದಿನ ವರದಿಯಲ್ಲಿ ಕನಿಷ್ಠ ದರ, ಗರಿಷ್ಠ ದರ ಮತ್ತು ಹೆಚ್ಚಿನ ಮಾಲು ಮಾರಾಟವಾದ ದರ ಎಂದು ಮೂರು ಅಂಕಿಗಳಿರುತ್ತವೆ. ಗರಿಷ್ಠ ದರ ಕೆಲವೇ ಚೀಲಗಳಿಗೆ ಸಿಕ್ಕಿರಬಹುದಾದರೂ ಗುಂಪಿನಿಂದ ಗುಂಪಿಗೆ ಹಾರುವುದು ಹೆಚ್ಚಾಗಿ ಅದೊಂದೇ. ಇದಕ್ಕೆ ಬದಲಾಗಿ, ಹೆಸರು ಮತ್ತು ಖಾತೆ ಸಂಖ್ಯೆಯನ್ನು ಮರೆಮಾಡಿದ ತನ್ನ ಮಾರಾಟದ ಪಟ್ಟಿಯ ಚಿತ್ರವನ್ನು ಹಾಕಿ, ಯಾವ ಮಾರುಕಟ್ಟೆ, ಯಾವ ದಿನ, ಅಡಿಕೆಯ ಬಗೆ ರಾಶಿಯೋ ಬೆಟ್ಟೆಯೋ ಗೊರಬಲೋ, ಎಷ್ಟು ಕ್ವಿಂಟಲ್, ಏನೇನು ಕಡಿತವಾಯಿತು ಎಂದು ತಿಳಿಸುವ ಸದಸ್ಯನ ಮಾತಿಗೆ ಬೆಲೆ ಬರುತ್ತದೆ. ಕಡಿಮೆ ದರ ಸಿಕ್ಕ ದಿನವೂ ಆತ ಹಾಗೆಯೇ ಹೇಳಿದರೆ ಆ ಬೆಲೆ ಇನ್ನೂ ಹೆಚ್ಚುತ್ತದೆ. ಸಸಿ ಮಾರುವವರು ಮತ್ತು ಮಂಡಿಯವರು ತಮ್ಮ ವ್ಯಾಪಾರವನ್ನು ಮೊದಲೇ ಹೇಳಿಕೊಂಡು ಸಲಹೆ ಕೊಡುವುದು ಅಷ್ಟೇ ಮುಖ್ಯ. ಚಿತ್ರ ಕಳುಹಿಸುವುದು ವಾಟ್ಸಾಪ್‌ನಲ್ಲಿ ಬಹಳ ಸುಲಭವಾದ್ದರಿಂದ ಈ ಕೆಲಸಕ್ಕೆ ಅದು ಚೆನ್ನಾಗಿ ಹೊಂದುತ್ತದೆ.

ಚರ್ಚೆಗೆ ಮಾತ್ರ ಅದು ಅಷ್ಟಾಗಿ ಒಗ್ಗುವುದಿಲ್ಲ. ‘ಔಷಧಿ ಹೊಡೆದರೂ ಕೊಳೆ ಬಂತು’ ಎಂಬ ದೂರಿಗೆ ಸಮಾಧಾನದ ಮಾತಷ್ಟೇ ಉತ್ತರವಾಗಿ ಬರುತ್ತದೆ. ಕೊಳೆರೋಗ ತಡೆಯಲು ಸಿಂಪಡಿಸುವ ಶೇಕಡಾ 1ರ ಬೋರ್ಡೋ ದ್ರಾವಣಕ್ಕೆ 100 ಲೀಟರ್ ನೀರಿಗೆ 1 ಕಿಲೋ ಮೈಲುತುತ್ತ ಮತ್ತು 1 ಕಿಲೋ ಸುಣ್ಣ ಬೇಕು. ತಾನು ಈ ಅಳತೆಯಲ್ಲೇ ಮಾಡಿದ್ದೇ, ಬಳಸಿದ ಸುಣ್ಣ ಯಾವುದು, ಮಳೆಗಾಲಕ್ಕೆ ಮುನ್ನ ಯಾವಾಗ ಹೊಡೆದದ್ದು, ಎರಡನೆಯ ಸಿಂಪಡಣೆಗೆ ಎಷ್ಟು ದಿನ ಬಿಟ್ಟದ್ದು ಎಂದು ಬರೆದು ಕೇಳಿದಾಗ ಅನುಭವಿಗಳು ತಪ್ಪು ಎಲ್ಲಾಯಿತೆಂದು ಹುಡುಕತೊಡಗುತ್ತಾರೆ. ಇಂತಹ ಒಳ್ಳೆಯ ಪ್ರಶ್ನೆಯೂ ಶುಭೋದಯದ ಚಿತ್ರಗಳ ನಡುವೆ ಸಂಜೆಯೊಳಗೆ ಮೇಲೆ ಸರಿದು ಮರೆಯಾಗುವುದು ನಿಜಕ್ಕೂ ನಷ್ಟ. 2022ರಲ್ಲಿ ಬಂದ ಕಮ್ಯುನಿಟಿ ಸೌಲಭ್ಯದಿಂದ ಧಾರಣೆ, ರೋಗ, ಮಾರಾಟಗಳಿಗೆ ಬೇರೆ ಬೇರೆ ಗುಂಪು ಮಾಡಿ ಒಂದೇ ಸೂರಿನಡಿ ಇಡಬಹುದು. ನಿರ್ವಾಹಕರು ಇದನ್ನು ಬಳಸಿಕೊಳ್ಳಲೇಬೇಕು. ಗದ್ದಲ ತಡೆಯಲೆಂದು ನಿರ್ವಾಹಕರಷ್ಟೇ ಬರೆಯುವಂತೆ ಮಾಡುವುದನ್ನು ನಾನು ಒಪ್ಪುವುದಿಲ್ಲ. ಅಲ್ಲಿಗೆ ಗುಂಪು ಬರೀ ಸೂಚನಾಫಲಕವಾಗುತ್ತದೆ.

ಟೆಲಿಗ್ರಾಂ ಈ ವಿಷಯದಲ್ಲಿ ಮುಂದಿದೆ. ಅಲ್ಲಿ ಒಂದೇ ಗುಂಪಿನೊಳಗೆ ವಿಷಯವಾರು ವಿಭಾಗ ಮಾಡಬಹುದು, ನಿರ್ವಾಹಕರು ಅವಕಾಶ ಕೊಟ್ಟರೆ ಹೊಸಬರೂ ಹಿಂದಿನ ವರ್ಷಗಳ ಚರ್ಚೆಯನ್ನು ಓದಬಹುದು. ವಾಟ್ಸಾಪ್ ಗುಂಪಿನ ಮಿತಿ 1,024 ಸದಸ್ಯರಾದರೆ ಅಲ್ಲಿ 2 ಲಕ್ಷ. ಆದರೆ ಹಿರಿಯ ಬೆಳೆಗಾರರ ಫೋನಿನಲ್ಲಿ ಈಗಾಗಲೇ ಇರುವುದು ವಾಟ್ಸಾಪ್, ಮತ್ತು ಅವರಿಲ್ಲದೆ ಕೊಳೆರೋಗದ ಪ್ರಶ್ನೆಗೆ ಸರಿಯಾದ ಉತ್ತರ ಸಿಗುವುದು ಕಷ್ಟ. ಆದ್ದರಿಂದ ಒಂದು ಸೀಮೆಯ ಬೆಳೆಗಾರರಿಗೆ ವಿಭಾಗಿಸಿದ ವಾಟ್ಸಾಪ್ ಕಮ್ಯುನಿಟಿಯನ್ನೇ ಶಿಫಾರಸು ಮಾಡುತ್ತೇನೆ. ಹಲವು ಜಿಲ್ಲೆಗಳನ್ನು ಸೇರಿಸಿಕೊಳ್ಳುವವರು ಟೆಲಿಗ್ರಾಂನಿಂದಲೇ ಆರಂಭಿಸುವುದು ಒಳ್ಳೆಯದು.