ಹಳೆಯ ಎಲೆಕ್ಟ್ರಿಕ್ ಗಿಟಾರ್ ಕೊಳ್ಳುವ ಮುಂಚೆ ಹೆಡ್‌ಸ್ಟಾಕ್ ಹಿಂಭಾಗ ನೋಡಿ

ಸೆಕೆಂಡ್ ಹ್ಯಾಂಡ್ ಸಾಲಿಡ್ ಬಾಡಿ ಗಿಟಾರ್ ಹುಡುಕುತ್ತಿರುವವರು, ಅದರಲ್ಲೂ ಗಿಬ್ಸನ್ ಕಂಪನಿಯ ಲೆಸ್ ಪಾಲ್ ಮಾದರಿಯ ಆಕಾರದ್ದೇ ಬೇಕು ಅನ್ನುವವರು, ಹಣ ಕೊಡುವ ಮುಂಚೆ ಇದನ್ನೊಮ್ಮೆ ಓದಿ. ನನಗೆ ಮಾರಿದವರು ಮುರಿದ ಹೆಡ್‌ಸ್ಟಾಕಿಗೆ (ತಂತಿ ಬಿಗಿಯುವ ತಿರುಗಣೆಗಳಿರುವ ತುದಿಗೆ) ಅಂಟು ಹಾಕಿ, ಮೇಲೆ ಕಪ್ಪು ಬಣ್ಣ ಹೊಡೆದು, "ಒಂದು ಸಲವೂ ಬಿದ್ದಿಲ್ಲ" ಅಂತ ಹೇಳಿಯೇ ಕೊಟ್ಟರು.

ನುಡಿಸಿ ನೋಡಿದಾಗ ಎಲ್ಲವೂ ಚೆನ್ನಾಗಿತ್ತು. ಫ್ರೆಟ್ ಸವೆದಿರಲಿಲ್ಲ, ಎರಡೂ ಪಿಕಪ್ ಸರಿ ಇದ್ದವು, ವಾಲ್ಯೂಮ್ ತಿರುಗಿಸಿದರೆ ಕರಕರ ಸದ್ದಿಲ್ಲ. ತೊಂದರೆ ಕಾಣಿಸಿಕೊಂಡಿದ್ದು ಶ್ರುತಿಯಲ್ಲಿ. ರಾತ್ರಿ ಶ್ರುತಿ ಮಾಡಿಟ್ಟರೆ ಬೆಳಿಗ್ಗೆಗೆ ಆರೂ ತಂತಿ ಇಳಿದಿರುತ್ತಿದ್ದವು. ಒಂದೋ ಎರಡೋ ತಂತಿ ಇಳಿದರೆ ಆ ತಂತಿಯ ತಿರುಗಣೆ, ಅಂದರೆ ಟ್ಯೂನರ್, ಸಡಿಲವಾಗಿರಬಹುದು. ತಂತಿ ಹೊಸದಲ್ಲ, ಹವೆಯೂ ಬದಲಾಗಿಲ್ಲ, ಆದರೂ ದಿನಾ ಆರೂ ಇಳಿಯುತ್ತಿವೆ ಅಂದರೆ ಮರವೇ ಜರುಗುತ್ತಿದೆಯೇನೋ ಎಂದು ನೋಡಲೇಬೇಕು. ಕೊನೆಗೆ ಒಂದು ದಿನ ನಟ್‌ನ (ಹೆಡ್‌ಸ್ಟಾಕ್ ಬುಡದಲ್ಲಿ ತಂತಿಗಳು ಕೂರುವ ಪುಟ್ಟ ಪಟ್ಟಿಯ) ಹಿಂದೆ ಬಣ್ಣದಲ್ಲಿ ಕೂದಲೆಳೆಯಷ್ಟು ಗೆರೆ ಎದ್ದಿತು. ಹೆಡ್‌ಸ್ಟಾಕನ್ನು ಹೆಬ್ಬೆರಳಿನಿಂದ ಮೆಲ್ಲಗೆ ಒತ್ತಿದರೆ ಗೆರೆ ಬಾಯಿ ತೆರೆಯುತ್ತಿತ್ತು, ಬಿಟ್ಟರೆ ಮುಚ್ಚಿಕೊಳ್ಳುತ್ತಿತ್ತು. ಒಳಗೆ ಗಾಜಿನ ಹಾಗೆ ಹೊಳೆಯುವ ಗಟ್ಟಿ ಅಂಟು.

ಈ ಆಕಾರದ ಗಿಟಾರ್ ಅಲ್ಲೇ ಮುರಿಯುವುದಕ್ಕೆ ಕಾರಣವಿದೆ. 1952ರಲ್ಲಿ ಬಂದ ಗಿಬ್ಸನ್ ಲೆಸ್ ಪಾಲ್‌ನ ಹೆಡ್‌ಸ್ಟಾಕ್ ಸಾಮಾನ್ಯವಾಗಿ 17 ಡಿಗ್ರಿ ಹಿಂದಕ್ಕೆ ಬಾಗಿರುತ್ತದೆ. ನೆಕ್ಕನ್ನೂ (ಎಡಗೈ ಹಿಡಿಯುವ ಉದ್ದನೆಯ ಭಾಗ) ಅದನ್ನೂ ಹೆಚ್ಚಾಗಿ ಒಂದೇ ಮಹಾಗನಿ ತುಂಡಿನಿಂದ ಕೆತ್ತುವುದರಿಂದ, ನೆಕ್‌ನುದ್ದಕ್ಕೂ ನೇರವಾಗಿ ಸಾಗಿದ ಮರದ ಎಳೆಗಳು ಬಾಗಿದ ಕಡೆ ಓರೆಯಾಗಿ ತುಂಡಾಗುತ್ತವೆ. ಸಾಲದ್ದಕ್ಕೆ, ನೆಕ್ ಬಾಗುವುದನ್ನು ಸರಿಪಡಿಸಲು ಒಳಗಿಟ್ಟಿರುವ ಕಬ್ಬಿಣದ ಸರಳು, ಅಂದರೆ ಟ್ರಸ್ ರಾಡ್, ತಿರುಗಿಸಲು ಜಾಗ ಬೇಕೆಂದು ಅಲ್ಲೇ ಗುಳಿ ಕೊರೆದಿರುತ್ತಾರೆ. ಉಳಿಯುವ ಮರ ಬಹಳ ತೆಳು, ಅದರ ಮೇಲೆ ಆರು ತಂತಿಗಳ 40 ಕಿಲೋಗೂ ಮೀರಿದ ಎಳೆತ. ಸ್ಟ್ಯಾಂಡಿನಿಂದ ಹಿಂದಕ್ಕೆ ಒಮ್ಮೆ ಬಿದ್ದರೆ ಸಾಕು. 1970ರ ದಶಕದಲ್ಲಿ ಗಿಬ್ಸನ್ ಕಂಪನಿಯೇ ಆ ಜಾಗದಲ್ಲಿ ಸ್ವಲ್ಪ ಉಬ್ಬು ಬಿಟ್ಟು ಮರವನ್ನು ದಪ್ಪ ಮಾಡಿತ್ತು. ಫೆಂಡರ್ ಕಂಪನಿಯ ಸ್ಟ್ರಾಟೋಕ್ಯಾಸ್ಟರ್‌ ಗಿಟಾರ್‌ನಲ್ಲಿ ಹೆಡ್‌ಸ್ಟಾಕ್ ಬಾಗಿರುವುದಿಲ್ಲ, ನೆಕ್ಕನ್ನು ಸ್ಕ್ರೂ ಹಾಕಿ ಕೂರಿಸಿರುತ್ತಾರೆ, ಕೆಟ್ಟರೆ ನೆಕ್ಕನ್ನೇ ಬದಲಾಯಿಸಬಹುದು. ಲೆಸ್ ಪಾಲ್ ನೆಕ್ ಅಂಟಿಸಿದ್ದು, ಆ ಸುಲಭದ ದಾರಿ ಇಲ್ಲ.

ಮುರಿದದ್ದನ್ನು ಸರಿ ಮಾಡಲಾಗದು ಅಂತಲ್ಲ. ಹೊಸ ಬಿರುಕಿಗೆ ಒಳ್ಳೆಯ ಮರದ ಅಂಟು ತುಂಬಿ, ಕ್ಲ್ಯಾಂಪ್ ಬಿಗಿದು ಸರಿಯಾಗಿ ಒಣಗಿಸಿದರೆ ಅದು ವರ್ಷಾನುಗಟ್ಟಲೆ ನಿಲ್ಲುತ್ತದೆ. ನನ್ನ ಗಿಟಾರಿಗೆ ಯಾರೋ ಸೂಪರ್ ಗ್ಲೂ ಸುರಿದಿದ್ದರು. ಮರದ ಅಂಟಿಗೆ ಹಿಡಿತ ಸಿಗುವುದು ಬರಿಯ ಮರದ ಮೇಲೆ. ಹಾಗಾಗಿ ರಿಪೇರಿ ಮಾಡಿದವರು ಹಳೆಯದನ್ನೆಲ್ಲ ಕೆರೆದು ತೆಗೆದು, ಬಿರುಕಿಗೆ ಅಡ್ಡಲಾಗಿ ಎರಡು ಕಾಲುವೆ ಕೊರೆದು, ಅದರಲ್ಲಿ ಮರದ ಪಟ್ಟಿ ಕೂರಿಸಬೇಕಾಯಿತು. ಮೊದಲೇ ಸರಿಯಾಗಿ ಅಂಟಿಸಿದ್ದರೆ ಇಷ್ಟು ಮರ ಕೊರೆಯುವ ಅಗತ್ಯವೇ ಇರಲಿಲ್ಲ. ಅದು ನನಗೆ ಇವತ್ತಿಗೂ ಸಂಕಟ.

ನೀವು ನೋಡಲು ಹೋದಾಗ ಸ್ಕ್ರೂಡ್ರೈವರ್ ಜೊತೆಗಿರಲಿ. ಮಾರುವವರನ್ನು ಕೇಳಿ ಟ್ರಸ್ ರಾಡ್ ಮೇಲಿನ ಪುಟ್ಟ ಮುಚ್ಚಳ ಬಿಚ್ಚಿ. ಹಿಂಭಾಗಕ್ಕೆ ಎಷ್ಟೇ ನಾಜೂಕಾಗಿ ಬಣ್ಣ ಹೊಡೆದಿದ್ದರೂ ಆ ಗುಳಿಯೊಳಗೆ ಕೈಯಾಡಿಸುವವರು ಕಡಿಮೆ. ಬಿರುಕಿನ ಗೆರೆ, ಒಣಗಿದ ಅಂಟಿನ ಕಲೆ ಇದ್ದರೆ ಅಲ್ಲಿ ಸಿಕ್ಕಿಬೀಳುತ್ತದೆ. ನನ್ನದರಲ್ಲೂ ಅಲ್ಲೇ ಇತ್ತು. ಆಮೇಲೆ ಟಾರ್ಚನ್ನು ಓರೆಯಾಗಿ ಹಿಡಿದು ನೆಕ್‌ನ ಹಿಂಭಾಗ ನೋಡಿ, ಕಣ್ಣು ಮುಚ್ಚಿ ಹೆಬ್ಬೆರಳು ಸವರಿ. ಕಣ್ಣಿಗೆ ಕಾಣದ ಏಣು ಬೆರಳಿಗೆ ಗೊತ್ತಾಗುತ್ತದೆ. ಯುವಿ ಟಾರ್ಚ್ ಸಿಕ್ಕರೆ ಇನ್ನೂ ಒಳ್ಳೆಯದು, ಹಳೆಯ ಲ್ಯಾಕರ್ ಮತ್ತು ಮೇಲೆ ಹೊಡೆದ ಹೊಸ ಬಣ್ಣ ಅದರ ಬೆಳಕಲ್ಲಿ ಬೇರೆ ಬೇರೆಯಾಗಿ ಹೊಳೆಯುತ್ತವೆ. ಹೆಡ್‌ಸ್ಟಾಕ್ ಹಿಂದೆ ಮಾತ್ರ ಕಪ್ಪು ಬಣ್ಣವಿದ್ದರೆ ಯಾಕೆ ಅಂತ ಕೇಳಿ. ಕೆಲವಕ್ಕೆ ಕಾರ್ಖಾನೆಯಿಂದಲೇ ಹಾಗೆ ಬರುತ್ತದೆ, ಆದರೆ ಬಿರುಕು ಮುಚ್ಚಲೂ ಇದೇ ಉಪಾಯ. ಎಷ್ಟು ಕೇಳಿದರೂ ಮುಂಭಾಗದ ಫೋಟೋ ಮಾತ್ರ ಕಳಿಸುವವರ ಹತ್ತಿರ, ಮುಚ್ಚಳ ಬಿಚ್ಚಲು ಬಿಡದವರ ಹತ್ತಿರ ವ್ಯಾಪಾರ ಬೇಡ. "ನೆಕ್ ಯಾವತ್ತಾದರೂ ಮುರಿದಿತ್ತಾ?" ಎಂದು ಮೆಸೇಜಿನಲ್ಲೇ ಕೇಳಿ, ಉತ್ತರವನ್ನು ಉಳಿಸಿಕೊಳ್ಳಿ. ನನಗೆ ಮಾತು ಬಾಯಲ್ಲೇ ಸಿಕ್ಕಿದ್ದರಿಂದ ಆಮೇಲೆ ಅವರು ಫೋನೂ ಎತ್ತಲಿಲ್ಲ.

ಮಾರುವವರಿಗೂ ಒಂದು ಮಾತು. ರಿಪೇರಿ ಆಗಿದ್ದರೆ ಹೇಳಿಬಿಡಿ, ಫೋಟೋ ಕೊಡಿ, ಬೆಲೆ ಇಳಿಸಿ. ಚೆನ್ನಾಗಿ ಅಂಟಿಸಿದ ಗಿಟಾರನ್ನು ನಾನೇ ಖುಷಿಯಿಂದ ಕೊಳ್ಳುತ್ತೇನೆ.