ಫೋನಿನ ಫೋಟೋ ಸ್ಲೈಡ್ ಆಗಿ ಬಂತು, ಅಪ್ಪನ ಸ್ಲೈಡಿನ ಪಕ್ಕ ಇಟ್ಟು ನೋಡಿದೆ

ಪುಟ್ಟ ಫಿಲ್ಮ್ ತುಣುಕಿನ (ಅದೇ ಸ್ಲೈಡ್) ಚಿತ್ರವನ್ನು ದೊಡ್ಡದಾಗಿ ತೋರಿಸೋ ಅಪ್ಪನ ಸ್ಲೈಡ್ ಪ್ರೊಜೆಕ್ಟರ್ ಇನ್ನೂ ಗಟ್ಟಿಯಾಗಿದೆ. ಹೊಸ ಫೋಟೋನೂ ಅದರಲ್ಲೇ ನೋಡಬೇಕು ಅನ್ನೋ ಹುಚ್ಚಿಗೆ ಹೊರದೇಶದ ಒಂದು ಲ್ಯಾಬಿಗೆ ಹನ್ನೆರಡು ಫೈಲ್ ಕಳಿಸಿದೆ. ಒಂದು ಸ್ಲೈಡಿನ ದುಡ್ಡಲ್ಲಿ ಗಾಂಧಿಬಜಾರಿನಲ್ಲಿ ಇಬ್ಬರು ಹೊಟ್ಟೆ ತುಂಬಾ ದೋಸೆ ತಿನ್ನಬಹುದು, ಕಾಫಿನೂ ಸೇರಿ.

ಇದು ಪ್ರಿಂಟ್ ಅಲ್ಲ. ಡಿಜಿಟಲ್ ಫೋಟೋವನ್ನು ಫಿಲ್ಮಿಗೆ ಇಳಿಸೋ ಯಂತ್ರ ಫಿಲ್ಮ್ ರೆಕಾರ್ಡರ್. ಅದರ ಒಳಗಿನ ಪುಟ್ಟ ಪಿಕ್ಚರ್ ಟ್ಯೂಬಿನ ಮೇಲೆ ಚಿತ್ರ ಗೆರೆ ಗೆರೆಯಾಗಿ ಮೂಡುತ್ತದೆ, ಕೆಂಪು, ಹಸಿರು, ನೀಲಿ ಫಿಲ್ಟರ್ ಒಂದೊಂದಾಗಿ ಅಡ್ಡ ಬಂದು ಒಂದೇ ಫ್ರೇಮಿಗೆ ಮೂರು ಸಲ ಬೆಳಕು ಬೀಳುತ್ತದೆ. ಆಮೇಲೆ ಸ್ಲೈಡ್ ಫಿಲ್ಮನ್ನು ತೊಳೆಯೋ ಮಾಮೂಲಿ ವಿಧಾನ, ಇ-6 ಡೆವಲಪಿಂಗ್. ಈ ಸ್ಲೈಡಿನ 4ಕೆ ರೆಸಲ್ಯೂಶನ್ ಅಂದರೆ ಉದ್ದಕ್ಕೆ 4096 ಚುಕ್ಕಿ, ಒಟ್ಟು 1.1 ಕೋಟಿ. ಫುಲ್ ಎಚ್‌ಡಿ ಪ್ರೊಜೆಕ್ಟರಿನಲ್ಲಿ ಇರೋದು 20 ಲಕ್ಷ ಚಿಲ್ಲರೆ ಅಷ್ಟೇ.

ಅಪ್ಪ 80ರ ದಶಕದಲ್ಲಿ ತೆಗೆದ ಲಾಲ್‌ಬಾಗ್ ಗಾಜಿನ ಮನೆಯ ಕೊಡಾಕ್ರೋಮ್ (ಕೊಡಾಕ್ ಕಂಪನಿಯ ಹಳೇ ಫಿಲ್ಮ್) ಸ್ಲೈಡನ್ನೂ ಸ್ಕ್ಯಾನ್ ಮಾಡಿ ಕಳಿಸಿದ್ದೆ. ಗೋಡೆಗೆ ಪರದೆ ಹಾಗೆ ಬಿಳಿ ಪಂಚೆ ಕಟ್ಟಿ, ಅಪ್ಪನ ಒರಿಜಿನಲ್ಲು, ಲ್ಯಾಬಿನ ಕಾಪಿ ಎರಡನ್ನೂ ಒಂದರ ಹಿಂದೆ ಒಂದು ಹಾಕಿದೆ. 'ಎರಡೂ ಒಂದೇ ಅಲ್ವೇನೋ?' ಅಂದರು ಅಮ್ಮ. ಸೋಫಾದಿಂದ ನೋಡಿದರೆ ಹೌದು. ಎದ್ದು ಹತ್ತಿರ ಹೋದೆ. ಒರಿಜಿನಲ್ಲಿನಲ್ಲಿ ಮರದ ನೆರಳಲ್ಲಿ ಕೂತವರ ಕಂದು ಸ್ವೆಟರ್ ಬೇರೆ, ಕಾಂಡ ಬೇರೆ. ಕಾಪಿಯಲ್ಲಿ ಎರಡೂ ಸೇರಿ ಒಂದೇ ಕಪ್ಪು ಮುದ್ದೆ. ಗಾಜಿನ ಆಚೆಯ ಬಿಳಿ ಆಕಾಶ ಕಬ್ಬಿಣದ ಕಂಬಿಗಳ ಮೇಲೆ ಮಂಜಿನ ಹಾಗೆ ಹರಡಿತ್ತು, ಟ್ಯೂಬಿನ ಬೆಳಕು ಚೆಲ್ಲೋದು ಹೀಗೇ. ಕೊಡಾಕ್ರೋಮಿನ ಆ ಕೆಂಪು ಬಣ್ಣವೂ ಕಾಪಿಯಲ್ಲಿ ಬರಲಿಲ್ಲ, ಅದಕ್ಕೆ ಮಾತ್ರ ಲ್ಯಾಬನ್ನು ಬೈಯುವ ಹಾಗಿಲ್ಲ. ಕೊಡಾಕ್ರೋಮ್ 2009ರಲ್ಲೇ ನಿಂತುಹೋಯಿತು, ಇವರು ಬಳಸಿದ್ದು 2018ರಲ್ಲಿ ವಾಪಸ್ ಬಂದ ಕೊಡಾಕ್‌ನ ಇನ್ನೊಂದು ಸ್ಲೈಡ್ ಫಿಲ್ಮ್, ಎಕ್ಟಾಕ್ರೋಮ್.

ಹೊಸ ಫೋಟೋಗಳು ಮಾತ್ರ ಸೂಪರ್. ಫಲಪುಷ್ಪ ಪ್ರದರ್ಶನದ ಚೆಂಡುಹೂ ಗೋಡೆ ತುಂಬಾ ಅರಳಿತು. ದಳಗಳ ಸುತ್ತ ತೆಳ್ಳಗೆ ಬಿಳಿ ಗೆರೆ ಕಂಡಿದ್ದು ಅಂಚು ಚೂಪಾಗಿ ಕಾಣಲಿ ಅಂತ ಫೋನ್ ಮಾಡಿದ ಶಾರ್ಪನಿಂಗ್, ಚಿಕ್ಕ ಪರದೆಯಲ್ಲಿ ಕಂಡೇ ಇರಲಿಲ್ಲ.

ಕೋಪ ಬಂದಿದ್ದು ಬೇರೆ ವಿಷಯಕ್ಕೆ. ಮೂರು ಸ್ಲೈಡಿಗೆ ಫಿಲ್ಮನ್ನು ಅದರ ಚೌಕಟ್ಟಿಗೆ ತಿರುಗಾಮುರುಗಾ ಮೌಂಟ್ ಮಾಡಿದ್ದರು. ಬಸ್ಸಿನ ಬೋರ್ಡಲ್ಲಿ 'ಜಯನಗರ' ಕನ್ನಡಿಯಲ್ಲಿ ಓದಿದ ಹಾಗಿತ್ತು. ಕನ್ನಡ ಬಾರದವರು, ಗೊತ್ತಾಗಿರಲ್ಲ ಬಿಡಿ. ಆದರೆ ಈ ರೇಟಿಗೆ ಪ್ಲಾಸ್ಟಿಕ್ ಮೌಂಟನ್ನು ಉಗುರಲ್ಲಿ ಬಿಡಿಸಿ ನಾನೇ ತಿರುಗಿಸಬೇಕಾ?

ಇಷ್ಟಾದರೂ ಇನ್ನೊಂದು ಆರ್ಡರ್ ಹಾಕಿದ್ದೇನೆ, ನೆರಳಿನ ಭಾಗವನ್ನು ಸ್ವಲ್ಪ ಬೆಳಗಿಸಿ. ಕೊಡಾಕ್ರೋಮ್ ಕತ್ತಲಲ್ಲಿಟ್ಟರೆ ವರ್ಷಗಟ್ಟಲೆ ಹಾಗೇ ಇರುತ್ತದೆ, ಪ್ರೊಜೆಕ್ಟರಿನ ಬೆಳಕಿಗೆ ಮಾತ್ರ ಬೇಗ ಬಣ್ಣ ಬಿಡುತ್ತದೆ. ಹಾಗಾಗಿ ಇನ್ಮೇಲೆ ಬಿಸಿ ತಿನ್ನೋದು ಕಾಪಿ, ಅಪ್ಪನದು ಸಿಲಿಕಾ ಜೆಲ್ ಹಾಕಿದ ಡಬ್ಬದೊಳಗೆ.