ಕಂಡ ಹಕ್ಕಿ ಬರೆಯುವುದೋ, ಗೊತ್ತುಮಾಡಿದ ಜಾಗದಲ್ಲಿ ನಿಲ್ಲುವುದೋ?

ತುಮಕೂರಿನ ಸುತ್ತ ವರ್ಷಗಟ್ಟಲೆ ಹಕ್ಕಿ ಎಣಿಸಬೇಕು ಅಂತಿದ್ದೀರಾ? ಮೊದಲು ದಾರಿ ಆರಿಸಿಕೊಳ್ಳಿ.

ಹೋದಲ್ಲೆಲ್ಲ ಕಂಡ ಹಕ್ಕಿಗಳನ್ನು ಇ-ಬರ್ಡ್‌ನಲ್ಲಿ (ಹಕ್ಕಿ ದಾಖಲಿಸುವ ಜಾಲತಾಣ) ಪಟ್ಟಿ ಹಾಕುವುದು ಸುಲಭ, ಖರ್ಚೂ ಇಲ್ಲ. ಆದರೆ ನಾವು ಹೋಗುವುದೆಲ್ಲಿಗೆ? ಭಾನುವಾರ ಬೆಳಿಗ್ಗೆ ದೇವರಾಯನದುರ್ಗ, ಇಲ್ಲವೇ ಶಿರಾ ಕಡೆ ಬಣ್ಣದ ಕೊಕ್ಕರೆಗಳು ಗೂಡು ಕಟ್ಟುವ ಕಗ್ಗಲಡು. ರಾಗಿ ಹೊಲಕ್ಕೆ ಯಾರು ಹೋಗುತ್ತಾರೆ? ಹತ್ತು ವರ್ಷ ಬಿಟ್ಟು ‘ಹಕ್ಕಿ ಜಾಸ್ತಿಯಾಗಿವೆ’ ಅನಿಸಿದರೆ, ಜಾಸ್ತಿಯಾದದ್ದು ನೋಡುವವರೇ ಇರಬಹುದು, ಅಲ್ವಾ?

ಬಲೆ ಹಾಕಿ ಕಾಲಿಗೆ ಉಂಗುರ ತೊಡಿಸಿದರೆ ಒಂದೊಂದು ಹಕ್ಕಿಯ ಬದುಕೂ ತಿಳಿಯುತ್ತದೆ. ಅದಕ್ಕೆ ಸರ್ಕಾರದ ಅನುಮತಿ ಬೇಕು, ಕೈ ಪಳಗಿರಬೇಕು. ಅಲ್ಲೂ ಪೊದೆಯ ಎತ್ತರದಲ್ಲಿ ಹಾರುವವೇ ಹೆಚ್ಚು ಸಿಗುತ್ತವೆ. ಒಮ್ಮೆ ಸಿಕ್ಕಿಬಿದ್ದ ಹಕ್ಕಿ ಮತ್ತೆ ಬಲೆಯತ್ತ ಸುಳಿಯದಿರಬಹುದು. ಅದನ್ನು ಸತ್ತಿದೆ ಎಂದು ಬರೆದರೆ ಲೆಕ್ಕ ಕೆಟ್ಟಿತು. ಹೆಸರಾಂತ ಅಧ್ಯಯನಗಳಲ್ಲೂ ಇಂಥ ತೊಡಕು ಉಂಟು: ಇಂಗ್ಲೆಂಡಿನ ವೈಥಮ್ ಕಾಡಿನಲ್ಲಿ 1947ರಿಂದ ನಡೆದಿರುವ ಟಿಟ್ ಎಂಬ ಪುಟ್ಟ ಹಕ್ಕಿಗಳ ಅಧ್ಯಯನ, ಗೂಡು ಕಟ್ಟಲೆಂದು ಜನ ಇಟ್ಟ ಪೆಟ್ಟಿಗೆಗಳನ್ನು ನೆಚ್ಚಿಕೊಂಡಿದೆ. ಮರದ ಪೊಟರೆಯಲ್ಲಿ ಮರಿ ಮಾಡುವವು ಅಲ್ಲಿ ಕಣ್ತಪ್ಪುವುದು ಸಹಜ.

ನನ್ನ ಮತ ಮೂರನೆಯದಕ್ಕೆ. ನಕ್ಷೆಯಲ್ಲಿ ಚೌಕ ಹಾಕಿ, ಚೀಟಿ ಎತ್ತಿ 20 ಜಾಗ ಗೊತ್ತುಮಾಡಿ. ತಿಂಗಳಿಗೊಮ್ಮೆ, ಅದೇ ಹೊತ್ತಿಗೆ, 10 ನಿಮಿಷ ನಿಂತು ಎಣಿಸಿ. ಬೇಜಾರಿನ ಕೆಲಸ, ಸುಳ್ಳು ಹೇಳಲ್ಲ. ಬರೀ ಕಾಗೆ, ಮೈನಾ ಕಂಡರೂ ಬರೆಯಿರಿ. ಏನೂ ಕಾಣದಿದ್ದರೆ ಸೊನ್ನೆ ಹಾಕಿ, ಪಕ್ಕದ ಕೆರೆಗೆ ಓಡಬೇಡಿ.